ಎಂಟುನೂರು ಬೈಸಾ

ಮಾತುಕತೆ ಹೇಗಾಯಿತೆಂದು
ಪತ್ರಿಕೆಯವರು ಗೇಟಿನ ಹೊರಗೆ ಕಾದು ಕೇಳುತ್ತಾರೆ.
ನಾನು ಸಿಂಕಿನ ಪಕ್ಕ ನಿಂತು
ಮರಳಿ ಬಂದ ತಟ್ಟೆ ನೋಡುತ್ತೇನೆ.

ಮಸ್ಕತ್ತಿನ ರಾಯಭಾರಿ ಬಂಗಲೆಯಲ್ಲಿ
ಹದಿನೇಳು ವರ್ಷದಿಂದ ಅಡುಗೆ ನನ್ನದು.
ಐವರು ಸಾಹೇಬರು ಬಂದರು, ಹೋದರು.
ಒಬ್ಬರಿಗೆ ಬೆಳ್ಳುಳ್ಳಿ ಆಗದು,
ಒಬ್ಬರಿಗೆ ಮಂಗಳವಾರ ಮೊಟ್ಟೆ ಆಗದು.
ಒಗ್ಗರಣೆ ಸೌಟು ಮಾತ್ರ ಬದಲಾಗಿಲ್ಲ.

ಅವತ್ತು ಮೀನುಗಾರಿಕೆ ಖಾತೆಯವರಿಗೆ ಊಟ.
ಎಲ್ಲೋ ಒಂದು ದೋಣಿ, ಹನ್ನೊಂದು ಜನ,
ನೀರಿನ ಮೇಲಿನ ಗೆರೆ ದಾಟಿದರಂತೆ.
ಕೋಡಿಯ ಮೊಗವೀರ ನಾನು, ಅಂಥ ಗೆರೆ ಕಂಡವನಲ್ಲ.
ನಾನು ಗೆರೆ ಎಳೆಯುವುದು ಮೀನಿನ ಮೈಮೇಲೆ,
ಖಾರ ಒಳಗಿಳಿಯಲಿ ಅಂತ.

ದಿಲ್ಲಿಯಿಂದ ಬಂದ ಪಟ್ಟಿಯಲ್ಲಿ
ಪನೀರು, ಮಲಾಯಿ ಕೋಫ್ತಾ, ಸಿರಿಧಾನ್ಯದ ಪಾಯಸ.
"ಮೀನಿನ ವ್ಯಾಜ್ಯಕ್ಕೆ ಮೀನು ಬಡಿಸಿದರೆ
ತಪ್ಪರ್ಥ ಬಂದೀತು" ಅಂದರು ದ್ವಿತೀಯ ಕಾರ್ಯದರ್ಶಿ.
ಆಗಲಿ.
ಭಾಷಣದಲ್ಲಿ ಏಳು ಕಾಫಿ ಬೀಜದ ಕಥೆ ಇತ್ತು,
ಯಾವಾಗಲೂ ಇರುತ್ತದೆ.

ಬೆಳಿಗ್ಗೆ ಮತ್ರಾ ಮೀನು ಮಾರುಕಟ್ಟೆಗೆ ಹೋಗಿದ್ದೆ,
ನಮಗೆ, ಅಂದರೆ ನನಗೆ, ಚಾಲಕ ಮುರಾದ್ ಬಕ್ಷನಿಗೆ,
ತಟ್ಟೆ ಹೊರುವ ಲಿಗಾಯಾಳಿಗೆ, ಒಂದಿಷ್ಟು ಭೂತಾಯಿ ತರಲು.
ಮುದುಕ ಖಲ್ಫಾನನ ಅಪ್ಪ ನಾಖುದಾ,
ನಮ್ಮ ಕಡೆಯ ಬಂದರುಗಳಿಗೆ ಖರ್ಜೂರ ಒಯ್ದವನು.
ಅಪ್ಪ ಬಿಟ್ಟುಹೋದ ಕನ್ನಡ ನಾಲ್ಕೇ ಪದ:
ಅಕ್ಕಿ. ಹಂಚು. ನಾಳೆ. ಸಾಲ.
ಇಡೀ ವ್ಯಾಪಾರ ಅದರೊಳಗೇ ನಡೆದಿರಬೇಕು.

ಪುನರ್ಪುಳಿ ಮುಗಿದಿತ್ತು. ಪಕ್ಕದ ಅಂಗಡಿಯಿಂದ
ಅರ್ಧ ಕಿಲೋ ಒಣನಿಂಬೆ ತಾನೇ ತಂದು ಚೀಲಕ್ಕೆ ಸುರಿದ,
ಕಪ್ಪಗೆ, ಗೋಲಿಗಳ ಹಾಗೆ ಸದ್ದು ಮಾಡುವಂಥವು.
ಚಿಲ್ಲರೆ ಹುಡುಕಿದೆ. ಕೈ ಅಡ್ಡ ಹಿಡಿದ:
"ಸಾಲ. ನಾಳೆ."

ರಾತ್ರಿ ಮೊದಲ ತಟ್ಟೆಗಳು ಬಂದವು.
ಕೋಫ್ತಾದ ಮೇಲೆ ಮುಳ್ಳುಚಮಚದ ಒಂದು ಗುರುತು, ಅಷ್ಟೆ.
ಪನೀರು ಬಡಿಸಿದ ಹಾಗೇ ತಣ್ಣಗೆ ಕೂತಿತ್ತು.
ಹನ್ನೊಂದು ಜನ ಇವತ್ತು ಬಿಡುಗಡೆಯಾಗುವುದಿಲ್ಲ
ಎಂದು ಲಿಗಾಯಾಳಿಗೆ ಹೇಳಿದೆ.

ಆಗ ಅವರ ಪೈಕಿ ಹಿರಿಯರೊಬ್ಬರು, ಹುಮೈದ್ ಅಂತ,
ಮಾತ್ರೆ ನುಂಗಲು ನೀರು ಕೇಳುತ್ತ ಒಳಗೆ ಬಂದರು.
ಹಿಂದಿನ ಒಲೆಯಲ್ಲಿ ನಮ್ಮ ಸಾರು ಕುದಿಯುತ್ತಿತ್ತು.
ಮೂಗು ಎತ್ತಿದರು. "ಊಮಾ?"
"ಭೂತಾಯಿ" ಅಂದೆ.
"ಲೂಮಿ?"
"ಪುನರ್ಪುಳಿ ಇರಲಿಲ್ಲ ಮಾರಾಯ್ರೆ" ಅಂದೆ, ಕನ್ನಡದಲ್ಲೇ,
ಅರ್ಥವಾದವರ ಹಾಗೆ ತಲೆಯಾಡಿಸಿದರು.
ಮತ್ತೆ ಪಾತ್ರೆಯನ್ನು ಬಟ್ಟೆ ಸಮೇತ ಎತ್ತಿಕೊಂಡು
ಮೇಜಿನ ಕಡೆ ನಡೆದೇಬಿಟ್ಟರು.

ಬಾಗಿಲು ಮುಚ್ಚಿತು.
ಮುಕ್ಕಾಲು ಗಂಟೆ ಒಂದು ತಟ್ಟೆಯೂ ಹೊರಬರಲಿಲ್ಲ.
ಚಮಚದ ಸದ್ದೂ ಇಲ್ಲ.
ದ್ವಿತೀಯ ಕಾರ್ಯದರ್ಶಿ ನನ್ನನ್ನು ನೋಡಿದ ನೋಟಕ್ಕೆ
ಊರಿಗೆ ಟಿಕೆಟ್ ತೆಗೆದಿಡಬಹುದಿತ್ತು.

ಬಂದವು ಆಮೇಲೆ. ಆರು ತಟ್ಟೆ.
ಮುಳ್ಳುಗಳು ಬಾಚಣಿಗೆಯ ಹಾಗೆ ಚೊಕ್ಕಟ.
ಒಂದು ತಟ್ಟೆಯಲ್ಲಿ ಕರವಸ್ತ್ರದ ಅಡಿ
ಮೀನಿನ ತಲೆ ಬಚ್ಚಿಟ್ಟಿತ್ತು,
ಅದು ನಮ್ಮ ಸಾಹೇಬರದು.
ನಾವು ಮೂವರು ಆ ರಾತ್ರಿ ಕೋಫ್ತಾ ತಿಂದೆವು.

ಪತ್ರಿಕೆಯಲ್ಲಿ ಎರಡು ಸಾಲು:
ಸೌಹಾರ್ದದ ವಾತಾವರಣದಲ್ಲಿ, ಇತ್ಯಾದಿ.
ಮೂರು ವಾರ ಕಳೆದು ಮುರಾದ್ ಬಕ್ಷ್ ಹೇಳಿದ,
ಯಾರನ್ನೋ ವಿಮಾನ ನಿಲ್ದಾಣಕ್ಕೆ ಬಿಟ್ಟುಬಂದೆ,
ಒಬ್ಬನ ಕಾಲಲ್ಲಿ ಚಪ್ಪಲಿ ಇರಲಿಲ್ಲ.
ಎಷ್ಟು ಜನ? ಎಣಿಸಲಿಲ್ಲ ಅಂದ.

ನಾನು ಲೆಕ್ಕ ಬರೆದುಕೊಟ್ಟಿದ್ದೆ:
ಒಣನಿಂಬೆ, ಅರ್ಧ ಕಿಲೋ, ಎಂಟುನೂರು ಬೈಸಾ.
'ಉದ್ದೇಶ' ಎಂಬ ಕಲಮಿನಲ್ಲಿ ಏನು ಬರೆಯಲಿ?
'ಹುಳಿಗೆ' ಅಂತ ಬರೆದೆ.
ಪಟ್ಟಿಯಲ್ಲಿಲ್ಲದ ಸಾಮಾನು ಎಂದು
ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು.

ಖಲ್ಫಾನನಿಗೆ ನನ್ನ ಜೇಬಿನಿಂದ ಕೊಟ್ಟೆ.
ಬೇಡ ಬೇಡ ಎನ್ನುತ್ತಲೇ ತೆಗೆದುಕೊಂಡ.
ಎರಡು ದೇಶಗಳು ಸೇರಿ ನನಗೆ ಕೊಡಬೇಕಾದ
ಎಂಟುನೂರು ಬೈಸಾ
ಇನ್ನೂ ಬಾಕಿಯಿದೆ.
ಕೇಳಿದರೆ ನಾಳೆ ಅನ್ನುತ್ತಾರೆ.