ಕೋಲು ಹಿಡಿದವಳು

ಮೊದಲ ರಾತ್ರಿ ಅಂಟುಪಟ್ಟಿ ಸುತ್ತಿದ್ದೆವು,
ಏಳು ಸುತ್ತು, ಮೇಲೊಂದು ರಬ್ಬರ್ ಬ್ಯಾಂಡು.
ವೇಲ್ಸಿನ ಮಂಜಿಗೆ ಅಂಟಿನ ಮೇಲೆ ಯಾವ ಮರ್ಯಾದೆಯೂ ಇಲ್ಲ.
ಮೂರನೆಯ ಮಿಂಚಿಗೆ ಫ್ಲ್ಯಾಷು ತಲೆ ವಾಲಿಸಿತು,
ನಾಲ್ಕನೆಯದಕ್ಕೆ ಕಳಚಿಕೊಂಡು
ಸ್ಲೇಟಿನ ಚೂರುಗಳ ರಾಶಿಗೆ ಬಿತ್ತು.
ಎಮ್ರಿಸ್ ಏನೂ ಅನ್ನಲಿಲ್ಲ.
ಎಂಬತ್ತು ಪೌಂಡನ್ನು ಕತ್ತಲಲ್ಲಿ
ಹೆಕ್ಕಿ ಹೆಕ್ಕಿ ಜೇಬಿಗೆ ಹಾಕಿಕೊಂಡ.

ನಾನು ಮನೆಗಳಿಗೆ ಬಣ್ಣ ಬಳಿಯುವವಳು.
ರೋಲರಿನ ಕೋಲು ನನ್ನದು,
ಎಳೆದರೆ ನಾಲ್ಕು ಮೀಟರು, ತುದಿಯಲ್ಲಿ ಒರಟು ತಿರುಪು,
ರೋಲರಿಗೆಂದು ಕೊರೆದದ್ದು, ಫ್ಲ್ಯಾಷಿಗಲ್ಲ.
ಇವೆರಡಕ್ಕೂ ಸಂಬಂಧ ಕುದುರಿಸಬೇಕು.
ಭಾನುವಾರ ಶೆಡ್ಡಿನಲ್ಲಿ ಕೂತೆ.
ಹಳೆಯ ರೋಲರಿನ ಹಿಡಿ ಕೊಯ್ದು
ಅದರ ನೆತ್ತಿಗೆ ಕಾಲಂಗುಲದ ತೂತು,
ತೂತಿಗೆ ಬೋಲ್ಟು, ಬೋಲ್ಟಿಗೆ ವಾಷರು,
ಮೇಲೆ ಫ್ಲ್ಯಾಷಿನ ಪಾದ ಕೂರುವ ಪುಟ್ಟ ಮಣೆ.
ಬೆರಳಿನಿಂದ ಬಿಗಿಸಿ, ಆಮೇಲೆ ಸ್ಪ್ಯಾನರಿನಲ್ಲಿ ಕಾಲು ಸುತ್ತು.
ಕಾಲೇ ಸಾಕು. ಅರ್ಧಕ್ಕೆ ಆಸೆಪಟ್ಟರೆ ಪ್ಲಾಸ್ಟಿಕ್ಕು ಸೀಳುತ್ತದೆ.

ಇಷ್ಟಾದರೂ ನಂಬಿಕೆ ಬರಲಿಲ್ಲ.
ತಾತ ಇದೇ ಗಣಿಯಲ್ಲಿ ಕಲ್ಲು ಕಿತ್ತವನು.
ಬಂಡೆಯ ಮುಖದಲ್ಲಿ, ಕೆಳಗೆ ಇನ್ನೂರು ಅಡಿ ಗಾಳಿ,
ತೊಡೆಗೆ ಒಂದೂವರೆ ಸುತ್ತು ಸರಪಳಿ ಸುತ್ತಿ
ಎರಡೂ ಕೈಯಲ್ಲಿ ಸುತ್ತಿಗೆ, ಉಳಿ.
ಕಾಲಿಟ್ಟ ಜಾಗ ನಂಬು, ಅನ್ನುತ್ತಿದ್ದನಂತೆ,
ಆದರೆ ನಂಬಿದ ಸುದ್ದಿ ಸರಪಳಿಗೆ ಹೇಳಬೇಡ.

ಅದಕ್ಕೇ ಫ್ಲ್ಯಾಷಿನ ಕುತ್ತಿಗೆಗೆ
ಮೀನುಬಲೆಯ ದಾರದ ಕುಣಿಕೆ ಹಾಕಿ
ಕೋಲಿಗೆ ಒಂದೂವರೆ ಸುತ್ತು ಸುತ್ತಿ ಗಂಟು ಬಿಗಿದೆ.
"ಇದೇನು ಮೆರೆರಿಡ್, ಆಡು ಕಟ್ಟಿದ ಹಾಗೆ?"
"ಆಡು ಎಂಬತ್ತು ಪೌಂಡಿಗೆ ಬರಲ್ಲ," ಅಂದೆ.

ಶುಕ್ರವಾರ. ಚಂದ್ರನಿಲ್ಲ.
ಕಲ್ಲು ಸೀಳುತ್ತಿದ್ದ ಮನೆ, ಹದಿನಾಲ್ಕು ಕಮಾನು.
ಊರೂರ ಮಾಡಿಗೆ ಹೊದಿಕೆ ಕಳಿಸಿದ್ದು ಇದೇ,
ತನ್ನ ನೆತ್ತಿಗೊಂದು ಹಲಗೆಯನ್ನೂ ಉಳಿಸಿಕೊಂಡಿಲ್ಲ.
ದೂರದಲ್ಲಿ ಟ್ರೈಪಾಡು. ಎಮ್ರಿಸ್ ಶಟರ್ ತೆರೆದ.
ಹನ್ನೊಂದು ನಿಮಿಷ.
ನನಗೆ ಕರಿ ಕೋಟು, ಕರಿ ಟೋಪಿ, ಕರಿ ಕೈಗವಸು,
ಮುಖಕ್ಕೂ ಒಂದು ಕರಿ ಬಟ್ಟೆ.
ಬೆಳಕು ತಾಗದವರನ್ನು ಕ್ಯಾಮೆರಾ ಲೆಕ್ಕಕ್ಕೆ ಹಿಡಿಯುವುದಿಲ್ಲ.
ಕಮಾನಿನ ಮರೆಗೆ ಹೋಗು, ಕೋಲೆತ್ತು,
ಕೈಯಲ್ಲಿರುವ ಗುಂಡಿ ಒತ್ತು, ನಡೆ.
ಗೋಡೆಗೆ ಬಳಿದಂತೆಯೇ ಇದೂ:
ಒಂದು ಪಟ್ಟೆಯ ಅಂಚು ಇನ್ನೊಂದರ ಮೇಲೆ ಹತ್ತಬೇಕು,
ಹಸಿಯ ಮೇಲೆ ಹಸಿ.
ದೀಪದ ಬುಡದಲ್ಲಿ ಕತ್ತಲು ಅನ್ನುತ್ತಾರಲ್ಲ,
ಆ ಕತ್ತಲು ನಾನು. ಕೂಲಿ, ಒಂದು ಫ್ಲಾಸ್ಕು ಚಹಾ.

ಒಂಬತ್ತನೆಯ ಕಮಾನಿಗೆ ಬರುವಾಗ ಗಾಳಿ ಎದ್ದಿತು.
ದೊಡ್ಡ ಮೀನು ಕಚ್ಚಿದ ಗಾಳದಂತೆ ಕೋಲು ಬಾಗಿತು.
ಮೇಲೆಲ್ಲೋ ಟಕ್.
ಬೋಲ್ಟಲ್ಲ, ನನ್ನ ಬೋಲ್ಟಲ್ಲ,
ಫ್ಲ್ಯಾಷಿನ ಪಾದವೇ ಮುರಿದಿತ್ತು.
ಹೆಗಲು ಕುಗ್ಗಿಸಿ ಸದ್ದಿಗೆ ಕಾದೆ.
ಸದ್ದು ಬರಲಿಲ್ಲ.
ದಾರ ಜಗ್ಗಿ ನಿಂತಿತ್ತು. ಫ್ಲ್ಯಾಷು
ನನ್ನ ಮುಖದೆದುರು ತಲೆಕೆಳಗಾಗಿ ತೂಗುತ್ತಿತ್ತು,
ಒಂಬತ್ತು ಅಂತ ಎಣಿಸಿದ್ದ ಹೆಬ್ಬೆರಳು
ನನ್ನನ್ನು ಕೇಳದೆ ಒತ್ತಿಬಿಟ್ಟಿತು.

ಬಹಳ ಹೊತ್ತು ಕಣ್ಣಲ್ಲಿ ಹಸಿರು ಚುಕ್ಕೆ.

ಚಿತ್ರದಲ್ಲಿ ಎಂಟು ಕಮಾನು, ಪಾರಿವಾಳದ ಕೊರಳಿನ ಬಣ್ಣ,
ಒಂದೊಂದು ಉಳಿಗಾಯವೂ ಕಾಣುವಷ್ಟು ನಿಚ್ಚಳ.
ಒಂಬತ್ತನೆಯದರಲ್ಲಿ ಒಬ್ಬ ಹೆಂಗಸು,
ಸೊಂಟದ ಮೇಲಷ್ಟೇ. ಬಟ್ಟೆ ಗದ್ದಕ್ಕೆ ಜಾರಿದೆ,
ಬಾಯಿ ಅರೆ ತೆರೆದಿದೆ, ಯಾರನ್ನೋ ಕರೆಯುವ ಹಾಗೆ.
ಉಳಿದ ಐದು, ಬರೀ ಕಪ್ಪು.

"ಹಾಳಾಯ್ತು," ಅಂದ ಎಮ್ರಿಸ್. ಆದರೆ
ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟು ಸುಮ್ಮನಿದ್ದ.
ನಾನು ಗಂಟು ಬಿಚ್ಚಲು ನೋಡಿದೆ, ಹಲ್ಲಿನಲ್ಲೂ ನೋಡಿದೆ.
ಭಾರ ಬಿದ್ದ ಗಂಟು. ಕೊನೆಗೆ ಚಾಕು ಹಾಕಿ
ಫ್ಲ್ಯಾಷು ಬಿಡಿಸಿ ಅವನಿಗೆ ಕೊಟ್ಟೆ.

ಸೋಮವಾರ ಬ್ಲೊಡ್ವೆನ್ ಅಜ್ಜಿಯ ಅಡುಗೆಮನೆಯ ಚಾವಣಿಗೆ
ಬಿಳಿ ಹೊಡೆಯುವಾಗ
ಕೋಲಿನಲ್ಲಿ ಉಳಿದ ದಾರದ ತುಂಡು
ಬಣ್ಣ ಕುಡಿದು ಆಗಾಗ ತೊಟ್ಟಿಕ್ಕುತ್ತಿತ್ತು,
ನನ್ನ ಹಣೆಗೆ, ಒಂದೇ ಜಾಗಕ್ಕೆ.