ಒಂಬತ್ತನೇ ರೀಲು

ಮಂಗಳವಾರ ಘೌಸ್ ಪೀರನ ಟೈಲರಂಗಡಿಗೆ ರಜೆ.
ಆದರೂ ಶೆಟರು ಮೊಣಕಾಲಿನಷ್ಟು ಮೇಲೆ.
ಬಗ್ಗಿ ಒಳಗೆ ಹೋದವರು ಬೆಂಚಿನ ಮೇಲೆ ಕೂರುತ್ತಾರೆ,
ಕಾಫಿ ಬರುವಷ್ಟರಲ್ಲಿ
ದುರ್ಗಿಗುಡಿ ಎರಡು ಹೋಳು.

ನಲವತ್ತೊಂದನೇ ನಂಬರಿನ ಗೂಢಚಾರನವು ಬಂದದ್ದು ಹನ್ನೊಂದು ಸಿನಿಮಾ.
ಹತ್ತರ ಬಗ್ಗೆ ಯಾರದೂ ತಕರಾರಿಲ್ಲ:
ಹಾರುತ್ತಾನೆ, ಬಡಿಯುತ್ತಾನೆ,
ಕೋಟಿನ ಗುಂಡಿ ಹಾಕಿಕೊಂಡು ದೇಶ ಉಳಿಸುತ್ತಾನೆ.
ಆ ಕೋಟನ್ನು ಅರ್ಧ ಶಿವಮೊಗ್ಗದ ಮದುಮಕ್ಕಳಿಗೆ
ಹೊಲಿದುಕೊಟ್ಟವನು ಪೀರ್. ಸಿನಿಮಾ ಒಂದನ್ನೂ ನೋಡಿಲ್ಲ.

ಜಗಳವೆಲ್ಲ ಆರನೆಯದರದು.

ಆರನೆಯದರಲ್ಲಿ ಅವನಿಗೆ ಜ್ವರ.
ಮೊದಲ ಅರ್ಧ ಗಂಟೆ ಕಂಬಳಿ ಹೊದ್ದು ಕೆಮ್ಮುತ್ತಾನೆ.
ಖಳನಿಗೊಂದು ನೆಟ್ಟಗಿನ ಗುಹೆಯಿಲ್ಲ,
ಬಾಡಿಗೆ ಮನೆ, ತಂತಿಯ ಮೇಲೆ ಬನಿಯನ್ನು.
ನಾಯಕಿ ಕೊನೆಯವರೆಗೂ ಇವನನ್ನು ಪ್ರೀತಿಸುವುದಿಲ್ಲ,
'ಕಷಾಯ ಬಿಡಬೇಡಿ' ಎಂದಷ್ಟೇ ಹೇಳಿ ರೈಲು ಹತ್ತುತ್ತಾಳೆ.

'ಇದೂ ಒಂದು ಸಿನಿಮಾನಾ?' ಎನ್ನುತ್ತಾನೆ ಎಲ್‌ಐಸಿ ಗುತ್ಯಪ್ಪ.
'ನಾನೂ ಮೂವತ್ತು ವರ್ಷ ಏಜೆಂಟು. ಜ್ವರ ಬಂದ್ರೆ ಮಲಗಿರ್ತೀನಿ.
ಅದನ್ನ ನೋಡೋಕೆ ಎರಡೂಕಾಲು ರೂಪಾಯಿ ಕೊಟ್ಟು
ಬಾಲ್ಕನಿ ಹತ್ತಬೇಕಿತ್ತಾ?
ಸೇತುವೆ ಮೇಲೆ ಒಂದೇ ಬೆಂಕಿಕಡ್ಡೀಲಿ ಇಬ್ರೂ ಬೀಡಿ ಹಚ್ತಾರೆ,
ಆಮೇಲೆ ಅವನನ್ನೇ ಸುಡ್ತಾನೆ.
ಇವನು ಹೀರೋ ಏನ್ರಿ? ಹಿಮ ಅಂತ ಉದುರಿಸಿದ್ದು ಹತ್ತಿ,
ಅದರಲ್ಲೂ ಬೀಜ!'

ಫಿಲೋಮಿನಾ ಟೀಚರು ಕನ್ನಡಕ ತೆಗೆದು ಒರೆಸುತ್ತಾರೆ.
ನಿವೃತ್ತಿಯಾದರೂ ಒಂದನೇ ಬೆಂಚು ಈಗಲೂ ಗಪ್‌ಚಿಪ್.
'ಮೊದಲು ಸುಡ್ತಾನೆ, ಗುತ್ಯಪ್ಪ.
ಸತ್ತವನು ಎದ್ದು ಬಂದು ಪಕ್ಕದಲ್ಲಿ ಕೂತ್ಕೋತಾನೆ,
ಬೆಂಕಿ ಕೇಳ್ತಾನೆ, ಇವನು ಕೊಡ್ತಾನೆ.
ಹತ್ತು ಸಿನಿಮಾದಲ್ಲಿ ಕೊಂದದ್ದಕ್ಕೆಲ್ಲ
ಅಲ್ಲಿ ಒಂದೇ ಸಲ ಲೆಕ್ಕ.
ನೀವು ನಿದ್ದೆ ಮಾಡಿರಬೇಕು.'

ಬ್ಯಾಂಡ್‌ಸೆಟ್ಟಿನ ಮರಿಯಪ್ಪ ಮಾತಾಡುವುದಿಲ್ಲ.
ಶಿವಮೊಗ್ಗದಲ್ಲಿ ಒಮ್ಮೆ, ಭದ್ರಾವತಿಯಲ್ಲಿ ಒಮ್ಮೆ
ನೋಡಿ ಬಂದವನು,
'ಅಲ್ಲೊಂಥರ ಇತ್ತು, ಇಲ್ಲೊಂಥರ ಇತ್ತು' ಎಂದು
ಆವತ್ತೇ ಹೇಳಿ ನಗೆಪಾಟಲಾದವನು.
'ಎಷ್ಟು ಕ್ವಾರ್ಟರ್ ಹಾಕಿದ್ದೆ?' ಎಂದು ಇಡೀ ಬೀದಿ ಕೇಳಿತು.
ಕೇಳಿ ಕೇಳಿ ಅವನಿಗೂ ಅನುಮಾನ ಬಂದು
ಕುಡಿತ ಬಿಟ್ಟ.
ಕ್ಲಾರಿಯೋನೆಟ್ಟು ಮಾತ್ರ ಉಳಿಯಿತು.

ನಾನು?
ನಾನು ಆಗ ರೀಲಿನ ಹುಡುಗ.
ಒಂದೇ ಪ್ರಿಂಟು, ಎರಡು ಊರು.
ಇಲ್ಲಿ ಓಡಿ ಮುಗಿದ ಡಬ್ಬಿ, ಇನ್ನೂ ಬಿಸಿ,
ಲೂನಾಕ್ಕೆ ಕಟ್ಟಿಕೊಂಡು ಭದ್ರಾವತಿಗೆ.
ಅಲ್ಲಿ ಏಳನೆಯದು ತಿರುಗುತ್ತಿರುವಾಗ
ಒಂಬತ್ತು, ಹತ್ತು ನನ್ನ ಬೆನ್ನ ಹಿಂದೆ.

ಮಾಚೇನಹಳ್ಳಿಯಲ್ಲಿ ಪಂಕ್ಚರ್.
ಡಬ್ಬಿಗಳೆರಡೂ ಉರುಳಿ, ಮುಚ್ಚಳ ಬಿಚ್ಚಿ,
ರಸ್ತೆ ಪಕ್ಕದ ಹುಲ್ಲಿನಲ್ಲಿ ಒಂದಿಷ್ಟು ಸಿನಿಮಾ
ಹಾವಿನಂತೆ ಹರಿಯಿತು.
ಬೆಂಕಿಪೊಟ್ಟಣ ಇತ್ತು. ಗೀರಲಿಲ್ಲ.
ಫಿಲ್ಮು ಹೊತ್ತಿಕೊಂಡರೆ ಎಂಬ ಭಯ.
ಕತ್ತಲಲ್ಲೇ ಸುತ್ತಿದೆ, ಕತ್ತಲಲ್ಲೇ ಮುಚ್ಚಿದೆ.
ಒಂಬತ್ತರ ಮುಚ್ಚಳ ಹತ್ತಕ್ಕೆ ಹೋಗಿದ್ದು
ತೆರೆಯ ಮೇಲೆ ಗೊತ್ತಾಯಿತು.

ಶಿಳ್ಳೆ ಬೀಳುತ್ತದೆ, ಕುರ್ಚಿ ಮುರಿಯುತ್ತವೆ,
ನನ್ನ ಕೆಲಸ ಹೋಯಿತು ಎಂದು ಬಾಗಿಲ ಸಂದಿಯಲ್ಲಿ ನಿಂತೆ.
ಯಾರೂ ಕೂಗಲಿಲ್ಲ.
ಕುಲುಮೆ ಮುಂದೆ ಬೆಂದು ಬಂದ ಮುನ್ನೂರು ಜನ
ಸತ್ತವನು ಬೀಡಿ ಸೇದುವುದನ್ನು
ಉಸಿರು ಬಿಗಿಹಿಡಿದು ನೋಡಿದರು.
ಹೊರಗೆ ಮೂರನೇ ಪಾಳಿಯ ಸೈರನ್ನು. ಒಬ್ಬರೂ ಏಳಲಿಲ್ಲ.

ಮರುದಿನ ಎಲ್ಲ ಸರಿಯಾಯಿತು. ಅಂದರೆ,
ಮೊದಲಿನಂತಾಯಿತು.

ಕಳೆದ ಮಂಗಳವಾರ ಹೇಳಿಬಿಟ್ಟೆ.
ಯಾಕೋ, ವಯಸ್ಸಾಯಿತು.
'ರೀಲು ಬಿಡಬೇಡ ಕಣೋ!' ಎಂದು ಗುತ್ಯಪ್ಪ
ತೊಡೆ ತಟ್ಟಿಕೊಂಡು ನಕ್ಕ.
ಟೀಚರು ಕನ್ನಡಕ ಹಾಕಿಕೊಳ್ಳಲಿಲ್ಲ,
ಒರೆಸಿದ್ದನ್ನೇ ಒರೆಸುತ್ತಿದ್ದರು.
ಪೀರ್ ಬಾಯಲ್ಲಿದ್ದ ಗುಂಡುಸೂಜಿ ತೆಗೆದಿಟ್ಟು
'ಕೋಟು ಮಾತ್ರ ಎರಡು ಕಡೆಯೂ ಒಂದೇ ಅಲ್ವಾ?' ಎಂದ.

ಮರಿಯಪ್ಪ ಮಾತ್ರ
ಶೆಟರಿನ ಹತ್ತಿರ ಬಗ್ಗಿದವನು ಹಾಗೇ ನಿಂತ,
ಅರ್ಧ ಒಳಗೆ, ಅರ್ಧ ಹೊರಗೆ:

'ಹಾಗಾದ್ರೆ ಆವತ್ತು
ನನಗೆ ಏರಿರಲಿಲ್ವಾ?'