ಪಟ್ಟಿಯಲ್ಲಿ ನಾವೇ ಮೊದಲು

ಸೆಪ್ಟೆಂಬರಿನ ಪತ್ರಿಕೆಯಲ್ಲಿ ಹನ್ನೆರಡು ತಂಡಗಳ ಪಟ್ಟಿ.
ಆಡಿದ್ದು ಸೊನ್ನೆ, ಗೆದ್ದದ್ದು ಸೊನ್ನೆ, ಸೋತದ್ದೂ ಸೊನ್ನೆ.
ಅಕ್ಷರಮಾಲೆಯ ದಯೆಯಿಂದ
ಔರ್ವೀಕ್ ಎಂಬ ನಮ್ಮೂರು ಎಲ್ಲರಿಗಿಂತ ಮೇಲೆ.
ಕತ್ತರಿಸಿ ಅಂಟಿಸಿದ್ದೇನೆ ಜಿಮ್ಮಿನ ಬಾಗಿಲಿಗೆ.
ಇಪ್ಪತ್ತಾರು ವರ್ಷದಿಂದ ಇಲ್ಲಿನ ಮರದ ನೆಲ ಒರೆಸುವವಳು,
ಅಷ್ಟಾದರೂ ಅಧಿಕಾರ ಬೇಡವೇ.

ಅವನು ಬರುವುದು ಗುರುವಾರ.
ಆದಿಲ್ಸನ್. ಲಿಸ್ಬನ್ನಿನಿಂದ, ಅದಕ್ಕೂ ಮೊದಲು
ನಕಾಶೆಯ ಮೇಲೆ ಸಾಸಿವೆ ಚೆಲ್ಲಿದಂತಿರುವ ಕೇಪ್ ವರ್ಡೆಯಿಂದ.
ಎರಡು ಮೀಟರು, ಮೇಲೆ ಆರು ಸೆಂಟಿಮೀಟರು.
ಆ ಆರನ್ನು ಮೀನಿನ ಕಾರ್ಖಾನೆಯಲ್ಲಿ
ಜಪದ ಹಾಗೆ ಹೇಳಿಕೊಳ್ಳುತ್ತಾರೆ,
ಕಾಡ್ ಮೀನಿನ ಬೆನ್ನೆಲುಬು ಬಿಡಿಸುವ ಕೈ ನಿಲ್ಲಿಸದೆ.
ಪೋಲೆಂಡಿನ ಬೊಗುಮಿಲ
ತಲೆಯ ಬಲೆಟೋಪಿಯ ಮೇಲೆ ಒಂದು ಕೈಯಿಟ್ಟು
ಅದರ ಮೇಲಿನ್ನೊಂದು ಕೈಯೆತ್ತಿ ತೋರಿಸುತ್ತಾಳೆ ಅವನನ್ನು,
ಕಂಡವಳ ಹಾಗೆ.

ಬಡಗಿ ಏವಿಂದುರ್ ಮಂಚ ಉದ್ದ ಮಾಡಿದ್ದಾನೆ ದೋಣಿಯ ಹಲಗೆ ಹೊಡೆದು.
ಕಾಲು ಚಾಚುವ ಕಡೆ ದೋಣಿಯ ಹೆಸರಿನ ಅರ್ಧ ಉಳಿದಿದೆ.
ಮುಳುಗಿದ ದೋಣಿಯಲ್ಲ, ಮಾರಿದ್ದು,
ಎಂದು ಕೇಳದವರಿಗೂ ಹೇಳುತ್ತಾನೆ.

ಸ್ಟೇನ್‌ವೋರ್ ಸ್ವೆಟರ್ ಹೆಣೆಯಲು ಕೂತಾಗಿದೆ.
ಅಳತೆಗೆ ಪತ್ರಿಕೆಯ ಚಿತ್ರ, ಹೆಬ್ಬೆರಳಷ್ಟು.
ಕೂಸು ಹುಟ್ಟುವ ಮುಂಚೆ ಕುಲಾವಿ.
ಇರಲಿ ಬಿಡಿ, ಈ ಊರಲ್ಲಿ ಕೂಸು ಹುಟ್ಟಿ
ಎರಡು ವರ್ಷವಾಯಿತು.
ಮುಗಿದಿರುವುದು ಒಂದೇ ತೋಳು. ಅದರೊಳಗೆ ನನ್ನ ಮೊಮ್ಮಗಳು
ಪೂರ್ತಿ ಹೊಕ್ಕು ಆಚೆ ತುದಿಯಲ್ಲಿ ಮೂಗು ತೋರಿಸಿದಳು.

ಹಾಗೆಂದು ಹಿಂದಿನದನ್ನು ಮರೆತವರಲ್ಲ ನಾವು.
ಹೋದ ವರ್ಷ ಒಕ್ಲಹೋಮದ ಹುಡುಗ
ನವೆಂಬರಿನಲ್ಲಿ ಕೇಳಿದ: ಸೂರ್ಯ ಎಂದು ಬರುತ್ತಾನೆ?
ಜನವರಿ ಕೊನೆಗೆ, ಕಾಫಿ ಹೊತ್ತಿಗೆ, ಅಂದೆ.
ನಗಬೇಕಿತ್ತು ಅವನು. ಮರುದಿನ ವಿಮಾನ ಹತ್ತಿದ.
ಅದಕ್ಕೂ ಹಿಂದಿನವನಿಗೆ ಮಂಡಿ.
ಅದಕ್ಕೂ ಹಿಂದಿನ ಸರ್ಬಿಯದವನು
ಮೂರಂಕದ ಎಸೆತದಲ್ಲಿ ದೇವರು, ಉಳಿದ ಹೊತ್ತು ನಿದ್ದೆ;
ಬೇಕರಿಯವರ ಮಗಳನ್ನು ಮದುವೆಯಾಗಿ ಇಲ್ಲೇ ಉಳಿದ,
ಈಗ ಹಿಮ ತಳ್ಳುವ ಗಾಡಿ ಓಡಿಸುತ್ತಾನೆ.
ಅವನಂಥ ಗಾಡಿಯವನನ್ನು ಈ ಕಣಿವೆ ಕಂಡಿಲ್ಲ.
ಅದಕ್ಕೆ ಅಂಕ ಕೊಡುವವರಿಲ್ಲ.

ಆದರೂ ಈ ಸಲ, ನೋಡಿ.
ಬಿಸಿನೀರಿನ ಕೊಳದಲ್ಲಿ ಕತ್ತಿನವರೆಗೆ ಮುಳುಗಿ
ಗಂಡಸರು ಲೆಕ್ಕ ಹಾಕುತ್ತಿದ್ದಾರೆ:
ಪಂದ್ಯಕ್ಕೆ ಇಪ್ಪತ್ತೆರಡು ಪಾಯಿಂಟ್, ಹದಿಮೂರು ರೀಬೌಂಡ್,
ರೇಕ್ಯಾವಿಕ್‌ನವರ ಸೊಕ್ಕು ಮುರಿಯುವುದು ಡಿಸೆಂಬರಿನೊಳಗೆ.
ಹಬೆಯ ಮೇಲೆ ತಲೆಗಳಷ್ಟೇ ತೇಲುತ್ತವೆ;
ಕಾಲು ನೆಲಕ್ಕೆ ತಾಗಿದೆಯೋ ಇಲ್ಲವೋ
ಕಾಣುವುದಿಲ್ಲ.

ಬಂದ.
ಪುಟ್ಟ ವಿಮಾನದ ಬಾಗಿಲಲ್ಲಿ ಮಡಿಚಿದ ಕೊಡೆಯಂತೆ ಬಗ್ಗಿ
ಮೆಟ್ಟಿಲಿಳಿದು ಬಿಚ್ಚಿಕೊಂಡ.
ಅವನಾಡಿದ ಮೊದಲ ಮಾತನ್ನು ಗಾಳಿ ಹೊತ್ತೊಯ್ದಿತು,
ಯಾವ ಭಾಷೆಯದೋ.

ರಾತ್ರಿ ಕ್ಲಬ್ಬಿನ ಊಟಕ್ಕೆ ಉಪ್ಪುಮೀನು.
ಎರಡನೇ ತುತ್ತಿಗೆ ಅವನ ಕೈ ನಿಂತಿತು.
ಕ್ರಿಸ್‌ಮಸ್ಸಿಗೆ ಅಜ್ಜಿ ಮೂರು ದಿನ ನೆನೆಹಾಕುತ್ತಿದ್ದಳಂತೆ,
ಮರದ ಪೆಟ್ಟಿಗೆಯಲ್ಲಿ ಬರುತ್ತಿತ್ತಂತೆ,
ಪೆಟ್ಟಿಗೆಯ ಮೇಲೆ ಓದಲು ಬಾರದ ಒಂದು ಊರ ಹೆಸರು,
ಒಂದು ಹಕ್ಕಿ.
ಯಾವ ಹಕ್ಕಿ?
ಬೊಗುಮಿಲ ಎದ್ದು ತನ್ನ ಕೋಟಿನ ಬೆನ್ನು ತಿರುಗಿಸಿದಳು:
ಕೊಕ್ಕಿನಲ್ಲಿ ಮೀನು ಕಚ್ಚಿದ ಪಫಿನ್.

ಚಪ್ಪಾಳೆ ಬರಲಿಲ್ಲ. ಯಾರೋ ಅವನ ತಟ್ಟೆಗೆ ಬೆಣ್ಣೆ ಹಾಕಿದರು.
ಸ್ಟೇನ್‌ವೋರ್ ಟೇಪು ತೆಗೆದು ಅವನ ತೋಳು ಅಳೆದಳು,
ಇನ್ನೊಮ್ಮೆ ಅಳೆದಳು, ಏನೂ ಹೇಳದೆ
ಒಂದು ಗೇಣು ಉಣ್ಣೆ ಬಿಚ್ಚತೊಡಗಿದಳು.

ನಾನು ಬಂದು ಒರೆಸಿದ ನೆಲವನ್ನೇ ಮತ್ತೆ ಒರೆಸಿದೆ.
ಅಂಕಫಲಕದ ಸ್ವಿಚ್ ಒತ್ತಿದರೆ
ಎರಡೂ ಕಡೆ ಸೊನ್ನೆ, ಕೆಂಪಗೆ.
ಮೊದಲ ಪಂದ್ಯಕ್ಕೆ ಇನ್ನು ಹದಿನಾರು ದಿನ.
ಅಲ್ಲಿಯವರೆಗೆ ನಮ್ಮನ್ನು
ಯಾರೂ ಸೋಲಿಸಲಾರರು.